ನೆಟ್ ಇದೆ, ಹೆಸರು ಮಾತ್ರ ಸಿಗುತ್ತಿಲ್ಲ

ಮನೆಯ ಕಂಪ್ಯೂಟರಿನಲ್ಲಿ ಒಂದು ಪುಟವೂ ತೆರೆಯದಿದ್ದಾಗ ನಾವೆಲ್ಲ ಹೇಳುವುದು ‘ನೆಟ್ ಹೋಗಿದೆ’ ಎಂದೇ. ರೂಟರ್ ಆರಿಸಿ ಮತ್ತೆ ಹಾಕುತ್ತೇವೆ, ಕೇಬಲ್ ಕಿತ್ತು ಚುಚ್ಚುತ್ತೇವೆ, ಕೊನೆಗೆ ಸಂಪರ್ಕ ಕೊಟ್ಟವರಿಗೆ ಫೋನ್ ಮಾಡುತ್ತೇವೆ. ಆದರೆ ಅದೇ ವೈಫೈಯಲ್ಲಿ ಪಕ್ಕದಲ್ಲಿರುವ ಫೋನು ಸಲೀಸಾಗಿ ವಿಡಿಯೊ ಓಡಿಸುತ್ತಿದ್ದರೆ ನೆಟ್ ಹೋಗಿಲ್ಲ. ಲಿನಕ್ಸ್ ಕಂಪ್ಯೂಟರ್ ಆದರೆ ಅದೇ ಬಾಯಿಬಿಟ್ಟು ಹೇಳುತ್ತದೆ. ಟರ್ಮಿನಲ್ ತೆರೆದು ಏನನ್ನಾದರೂ ಇಳಿಸಿಕೊಳ್ಳಲು ಹೊರಟರೆ ಬರುವ ಸಾಲು: ‘ಟೆಂಪೊರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’. ನೀವು ಕೊಟ್ಟ ಹೆಸರಿನ ಹಿಂದಿರುವ ಐಪಿ ವಿಳಾಸ ಸದ್ಯಕ್ಕೆ ಸಿಗುತ್ತಿಲ್ಲ ಎಂದರ್ಥ. ದಾರಿ ತೆರೆದೇ ಇದೆ, ಎಲ್ಲಿಗೆ ಹೋಗಬೇಕೆಂಬುದು ಗೊತ್ತಾಗುತ್ತಿಲ್ಲ.

ಈ ಸಾಲನ್ನು ಹಿಡಿದು ಪರಿಹಾರ ಹುಡುಕಿದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ. ‘ಇಟಿಸಿ’ ಫೋಲ್ಡರಿನಲ್ಲಿರುವ ‘ರಿಸಾಲ್ವ್ ಡಾಟ್ ಕಾನ್ಫ್’ ಕಡತ ತೆರೆಯಿರಿ, ಅದರಲ್ಲಿ ‘ನೇಮ್‌ಸರ್ವರ್ 8.8.8.8’ ಎಂದು ಗೂಗಲ್‌ನ ಸರ್ವರಿನ ವಿಳಾಸ ಬರೆಯಿರಿ, ಮುಗಿಯಿತು. ಬರೆದ ಕೂಡಲೇ ಪುಟಗಳೇನೋ ತೆರೆಯುತ್ತವೆ. ಮುಂದಿನ ಸಲ ಕಂಪ್ಯೂಟರ್ ಆನ್ ಮಾಡುವಷ್ಟರಲ್ಲಿ ಆ ಸಾಲು ಮಾಯವಾಗಿರುತ್ತದೆ, ತೊಂದರೆ ವಾಪಸು ಬಂದಿರುತ್ತದೆ. ಆಗ ಎರಡನೆಯ ಸಲಹೆ: ಯಾರೂ ತಿದ್ದದಂತೆ ಆ ಕಡತಕ್ಕೆ ಬೀಗ ಜಡಿಯಿರಿ. ಇಲ್ಲಿಗೆ ತೊಂದರೆ ಎರಡಾಯಿತು. ಮೊದಲಿನದು ಹಾಗೇ ಉಳಿಯಿತು. ಮೇಲೆ, ಲ್ಯಾಪ್‌ಟಾಪನ್ನು ಬೇರೆ ಜಾಲಕ್ಕೆ ಒಯ್ದಾಗ ಅಲ್ಲಿಯ ವ್ಯವಸ್ಥೆಗೆ ಹೊಂದಿಕೊಳ್ಳುವ ಶಕ್ತಿಯೂ ಹೋಯಿತು. ಹೋಟೆಲಿನದೋ ರೈಲು ನಿಲ್ದಾಣದ್ದೋ ವೈಫೈ ಸೇರಿದಾಗ ಲಾಗಿನ್ ಪುಟವೇ ಬಾರದಿರುವುದಕ್ಕೆ ಇಂಥ ಬೀಗವೂ ಒಂದು ಕಾರಣ. ಹೆಸರು ಸಿಗದಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಯಾರು ಉತ್ತರ ಕೊಡಲಿಲ್ಲ?’ ಅಷ್ಟು ಗೊತ್ತಾದರೆ ರಿಪೇರಿ ಒಂದೆರಡು ಸಾಲಿನ ಕೆಲಸ. ಗೊತ್ತಾಗದೆ ಮಾಡಿದ ರಿಪೇರಿಯನ್ನು ಆಮೇಲೆ ಮತ್ತೆ ರಿಪೇರಿ ಮಾಡಬೇಕಾಗುತ್ತದೆ.

ಉತ್ತರ ಕೊಡಬೇಕಾದವರು ಹಲವರಿದ್ದಾರೆ. ಬ್ರೌಸರೋ ಪ್ಯಾಕೇಜ್ ಇಳಿಸುವ ತಂತ್ರಾಂಶವೋ ಒಂದು ಹೆಸರಿನ ವಿಳಾಸ ಕೇಳಿದಾಗ ಆ ಪ್ರಶ್ನೆ ಮೊದಲು ಹೋಗುವುದು ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಗೆ. ಯಾರನ್ನು ಯಾವ ಕ್ರಮದಲ್ಲಿ ವಿಚಾರಿಸಬೇಕೆಂದು ಅದು ‘ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್’ ಎಂಬ ಕಡತದಲ್ಲಿ ಓದಿಕೊಳ್ಳುತ್ತದೆ. ಅಲ್ಲಿ ‘ಹೋಸ್ಟ್ಸ್’ ಎಂದು ಶುರುವಾಗುವ ಸಾಲಿನಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ‘ಫೈಲ್ಸ್’, ಅಂದರೆ ಕಂಪ್ಯೂಟರಿನಲ್ಲೇ ಇರುವ ‘ಹೋಸ್ಟ್ಸ್’ ಕಡತ. ಜಾಲದ ಸರ್ವರುಗಳನ್ನು ಕೇಳುವ ಡಿಎನ್‌ಎಸ್ ಸರದಿ ಆಮೇಲೆ. ಈ ಕ್ರಮದ ಹಿಂದೆ ಒಂದು ಚರಿತ್ರೆಯಿದೆ. ಇಂಟರ್ನೆಟ್ಟಿಗೆ ಮೊದಲಿದ್ದ ಅರ್ಪಾನೆಟ್ಟಿನಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಪಟ್ಟಿಯಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿರುವ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿಸುವವರು ಅವರಿಗೆ ತಿಳಿಸಬೇಕು, ಉಳಿದವರು ಆಗಾಗ ಹೊಸ ಪಟ್ಟಿ ಇಳಿಸಿಕೊಳ್ಳಬೇಕು. ಜಾಲ ಬೆಳೆದಂತೆ ಇದು ನಡೆಯದಾಯಿತು. ಪಟ್ಟಿಯನ್ನು ಒಡೆದು, ಆಯಾ ಹೆಸರಿನ ಒಡೆಯರ ಕೈಗೇ ಹಂಚುವ ಡೊಮೇನ್ ನೇಮ್ ಸಿಸ್ಟಮ್, ಅಂದರೆ ಡಿಎನ್‌ಎಸ್ಸನ್ನು, ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಇಂದಿಗೂ ಆಧಾರವಾಗಿರುವ ಅದರ ವಿವರಣೆ ಹೊರಬಂದದ್ದು 1987ರ ನವೆಂಬರಿನಲ್ಲಿ. ಹಳೆಯ ಪಟ್ಟಿ ಮಾತ್ರ ಹೋಗಲಿಲ್ಲ. ನಿಮ್ಮ ಕಂಪ್ಯೂಟರಿನ ‘ಹೋಸ್ಟ್ಸ್’ ಕಡತ ಅದರದೇ ಕುಡಿ, ಮೊದಲ ಮಾತು ಈಗಲೂ ಅದರದೇ.

ಡಿಎನ್‌ಎಸ್ ಸರದಿ ಬಂದಾಗ ನೋಡುವುದು ‘ರಿಸಾಲ್ವ್ ಡಾಟ್ ಕಾನ್ಫ್’. ಈಗಿನ ಉಬುಂಟು, ಫೆಡೋರಾಗಳಲ್ಲಿ ಅದನ್ನು ತೆರೆದರೆ ಕಾಣುವುದು 127.0.0.53. ಇದೆಂಥ ವಿಚಿತ್ರ ವಿಳಾಸ ಎಂದು ಹಲವರು ಅಳಿಸಿಬಿಡುತ್ತಾರೆ. ಅಳಿಸಬಾರದು. 127ರಿಂದ ಶುರುವಾಗುವ ವಿಳಾಸಗಳೆಲ್ಲ ಅದೇ ಕಂಪ್ಯೂಟರಿನವು. ಡಿಎನ್‌ಎಸ್ ಬಳಸುವ ಪೋರ್ಟ್ ಸಂಖ್ಯೆಯೂ 53 ಆದ್ದರಿಂದ ನೆನಪಿಡುವುದು ಸುಲಭ. ಅಲ್ಲಿ ‘ಸಿಸ್ಟಮ್‌ಡಿ ರಿಸಾಲ್ವ್ಡ್’ ಎಂಬ ಸೇವೆ ಕೂತು ಪ್ರಶ್ನೆಗಳನ್ನು ಸ್ವೀಕರಿಸುತ್ತದೆ. ಫೆಡೋರಾ ಇದನ್ನು 2020ರಲ್ಲಿ ಬಂದ 33ನೆಯ ಆವೃತ್ತಿಯಿಂದ ರೂಢಿಗೆ ತಂದಿತು, ಉಬುಂಟು ಅದಕ್ಕೂ ಮೊದಲೇ ತಂದಿತ್ತು. ಈ ಸೇವೆ ತನಗೆ ಗೊತ್ತಿಲ್ಲದ ಹೆಸರನ್ನು ಸಾಮಾನ್ಯವಾಗಿ ಮನೆಯ ರೂಟರಿಗೆ ದಾಟಿಸುತ್ತದೆ, ರೂಟರ್ ಸಂಪರ್ಕ ಕೊಟ್ಟ ಕಂಪನಿಯ ಸರ್ವರಿಗೆ. ಆ ಸರ್ವರಿಗೂ ಗೊತ್ತಿಲ್ಲದಿದ್ದರೆ ಅದು ಬುಡದಿಂದ ಹೊರಡುತ್ತದೆ. ಮೊದಲು ರೂಟ್ ಸರ್ವರುಗಳು, ಅವು ತೋರಿಸಿದ ‘ಡಾಟ್ ಇನ್’, ‘ಡಾಟ್ ಕಾಮ್’ ಸರ್ವರುಗಳು, ಅಲ್ಲಿಂದ ಆ ಹೆಸರಿನ ಒಡೆಯರ ಸರ್ವರ್. ರೂಟ್ ಸರ್ವರುಗಳ ಹೆಸರು 13, ಪ್ರತಿಗಳು ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು, ಭಾರತದಲ್ಲೂ ಇವೆ. ಇಷ್ಟು ಕೈ ದಾಟಿದ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುವುದು ನನಗೆ ಈಗಲೂ ಬೆರಗಿನ ಸಂಗತಿ.

ಉತ್ತರಗಳಲ್ಲೂ ಭೇದವಿದೆ, ಆ ಭೇದವೇ ಅರ್ಧ ಪತ್ತೇದಾರಿಕೆ. ಗೊತ್ತಿಲ್ಲದ ಬಡಾವಣೆಯಲ್ಲಿ ಯಾರದೋ ಮನೆ ಹುಡುಕುತ್ತ ಮೂಲೆಯಂಗಡಿಯಲ್ಲಿ ವಿಚಾರಿಸುತ್ತೀರಿ ಎನ್ನಿ. ‘ಆ ಹೆಸರಿನವರು ಇಲ್ಲಿ ಯಾರೂ ಇಲ್ಲ’ ಎನ್ನಬಹುದು. ‘ಅವರನ್ನಿವರನ್ನು ಕೇಳಿದೆ, ತಿಳಿಯಲಿಲ್ಲ’ ಎನ್ನಬಹುದು. ‘ನಿಮಗೆ ಹೇಳುವುದಿಲ್ಲ’ ಎನ್ನಬಹುದು. ಅಂಗಡಿಯೇ ಬಾಗಿಲು ಹಾಕಿರಬಹುದು. ಡಿಎನ್‌ಎಸ್‌ನಲ್ಲಿ ಇವೇ ಕ್ರಮವಾಗಿ ಎನ್‌ಎಕ್ಸ್‌ಡೊಮೇನ್, ಸರ್ವ್‌ಫೇಲ್, ರೆಫ್ಯೂಸ್ಡ್, ಟೈಮ್‌ಔಟ್. ಮೊದಲನೆಯದು ಬಂದರೆ ವ್ಯವಸ್ಥೆ ಸರಿಯಾಗಿಯೇ ಇದೆ, ನೀವು ಬರೆದ ಹೆಸರಿನ ಕಾಗುಣಿತ ನೋಡಿಕೊಳ್ಳಿ. ಎರಡನೆಯದು ಬಂದರೆ ನೀವು ಕೇಳಿದ ಸರ್ವರ್ ಬದುಕಿದೆ, ಅದರಿಂದಾಚೆ ಏನೋ ಕೆಟ್ಟಿದೆ. ರೆಫ್ಯೂಸ್ಡ್ ಬಂದರೆ ನಿಮಗೆ ಉತ್ತರಿಸುವ ಹೊಣೆ ಹೊತ್ತಿರದ ಸರ್ವರನ್ನು ಕೇಳುತ್ತಿದ್ದೀರಿ. ಟೈಮ್‌ಔಟ್ ಆದರೆ ನಿಮ್ಮ ಪ್ರಶ್ನೆ ಅಲ್ಲಿಗೆ ತಲುಪಲೇ ಇಲ್ಲ ಅಥವಾ ಉತ್ತರ ಮರಳಲಿಲ್ಲ. ಟರ್ಮಿನಲ್ಲಿನ ಸಾಮಾನ್ಯ ಆದೇಶಗಳು ಇಷ್ಟು ಬಿಡಿಸಿ ಹೇಳುವುದಿಲ್ಲ. ‘ನೇಮ್ ಆರ್ ಸರ್ವಿಸ್ ನಾಟ್ ನೋನ್’ ಎಂದರೆ ಹೆಚ್ಚಾಗಿ ಹೆಸರೇ ಇಲ್ಲ; ‘ಟೆಂಪೊರರಿ ಫೇಲ್ಯೂರ್’ ಎಂದರೆ ಹೆಸರು ಇರಬಹುದು, ಕೇಳಿ ತಿಳಿಯುವುದಾಗಲಿಲ್ಲ. ಈ ಎರಡನ್ನು ಒಂದೇ ಎಂದು ಓದಿದವರು ತಪ್ಪು ಜಾಗದಲ್ಲಿ ಅಗೆಯಲು ಕೂರುತ್ತಾರೆ.

ಈಚೆಗೆ ಕೂತು ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಅಣ್ಣನ ಮಗ ಮನೆಯಿಂದಲೇ ಕೆಲಸ ಮಾಡುವವನು, ಅವನದು ಉಬುಂಟು ಹಾಕಿದ ಲ್ಯಾಪ್‌ಟಾಪ್. ‘ಚಿಕ್ಕಪ್ಪಾ, ಆಫೀಸ್ ವಿಪಿಎನ್ ಇದ್ದಾಗ ಎಲ್ಲ ಸರಿ ಇರತ್ತೆ. ನಿನ್ನೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದ ಮೇಲೆ ಏನೂ ಓಪನ್ ಆಗ್ತಿಲ್ಲ’ ಎಂದ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅದು, ಕರೆಂಟ್ ಹೋದರೆ ಅಲ್ಲೇ ಆರುತ್ತದೆ. ಮೊದಲು ‘ಪಿಂಗ್ 192.168.1.1’ ಎಂದು ರೂಟರನ್ನು ಮಾತಾಡಿಸಿದೆವು. ಉತ್ತರ ಬಂತು. ‘ಪಿಂಗ್ 8.8.8.8’ ಎಂದೆವು. ಅದಕ್ಕೂ ಬಂತು. ಒಂದು ಜಾಲತಾಣದ ಹೆಸರು ಕೊಟ್ಟು ಪಿಂಗ್ ಮಾಡಿದಾಗ ಟೆಂಪೊರರಿ ಫೇಲ್ಯೂರ್. ಅಲ್ಲಿಗೆ ಕೇಬಲ್, ವೈಫೈ, ರೂಟರ್, ಕಂಪನಿಯ ತಂತಿ ಎಲ್ಲವೂ ಪಟ್ಟಿಯಿಂದ ಹೊರಬಿದ್ದವು. ಆಮೇಲೆ ‘ಕ್ಯಾಟ್’ ಆದೇಶದಿಂದ ‘ರಿಸಾಲ್ವ್ ಡಾಟ್ ಕಾನ್ಫ್’ ತೆರೆದೆವು. 127.0.0.53 ಇರಬೇಕಾದಲ್ಲಿ 10ರಿಂದ ಶುರುವಾಗುವ ಒಂದು ವಿಳಾಸ ಇತ್ತು. ಅದು ಆಫೀಸಿನೊಳಗಿನ ಸರ್ವರು, ಆಫೀಸಿನ ಜಾಲಕ್ಕೆ ಒಯ್ಯುವ ಖಾಸಗಿ ದಾರಿಯಾದ ವಿಪಿಎನ್ ಇಲ್ಲದೆ ಮನೆಯಿಂದ ಅಲ್ಲಿಗೆ ಹೋಗಲು ಆಗುವುದೇ ಇಲ್ಲ.

ಮುಂದಿನ ನೋಟ ಹೆಚ್ಚು ಮುಖ್ಯವಾದದ್ದು. ‘ಎಲ್‌ಎಸ್ ಮೈನಸ್ ಎಲ್’ ಎಂದು ಆ ಕಡತದ ಜಾತಕ ನೋಡಿದೆವು. ಉಬುಂಟುವಿನಲ್ಲಿ ಇದು ನಿಜವಾದ ಕಡತವಲ್ಲ. ‘ರನ್’ ಫೋಲ್ಡರಿನೊಳಗೆ ಸಿಸ್ಟಮ್‌ಡಿ ತಾನೇ ಬರೆದಿಡುವ ‘ಸ್ಟಬ್ ರಿಸಾಲ್ವ್ ಡಾಟ್ ಕಾನ್ಫ್’ ಕಡೆಗೆ ಬೆರಳು ತೋರಿಸುವ ಕೊಂಡಿ. ಹೆಸರಿನ ಮುಂದೆ ಬಾಣದ ಗುರುತು ಕಾಣಬೇಕು. ಅವನ ಲ್ಯಾಪ್‌ಟಾಪಿನಲ್ಲಿ ಬಾಣ ಇರಲಿಲ್ಲ. ವಿಪಿಎನ್ ತಂತ್ರಾಂಶ ಶುರುವಾಗುವಾಗ ಕೊಂಡಿಯನ್ನು ತೆಗೆದು ಅಲ್ಲಿ ತನ್ನ ಕಡತ ಇಟ್ಟಿತ್ತು. ಮುಗಿಸುವಾಗ ಮೊದಲಿನಂತೆ ಮಾಡಿಡುವುದು ಅದರ ಪದ್ಧತಿ, ಆದರೆ ಕರೆಂಟ್ ಹೋದಾಗ ಅದಕ್ಕೆ ಆ ಅವಕಾಶವೇ ಸಿಗಲಿಲ್ಲ. ಕಡತ ಅಳಿಸಿ, ‘ಎಲ್‌ಎನ್’ ಆದೇಶದಿಂದ ಕೊಂಡಿಯನ್ನು ಮತ್ತೆ ಕಟ್ಟಿ, ಸಿಸ್ಟಮ್‌ಡಿ ರಿಸಾಲ್ವ್ಡ್ ಸೇವೆಯನ್ನು ರೀಸ್ಟಾರ್ಟ್ ಮಾಡಿದ್ದೇ ತಡ, ಎಲ್ಲ ತೆರೆಯಿತು. ಅಲ್ಲಿ 8.8.8.8 ಬರೆದಿದ್ದರೂ ತೆರೆಯುತ್ತಿತ್ತು, ನಿಜ. ಬರೆದು ಬೀಗವನ್ನೂ ಹಾಕಿದ್ದರೆ ಸೋಮವಾರ ವಿಪಿಎನ್ ಸೇರಿದಾಗ ಆಫೀಸಿನೊಳಗಿನ ಒಂದು ಹೆಸರೂ ಸಿಗುತ್ತಿರಲಿಲ್ಲ, ಏಕೆಂದರೆ ಆ ಹೆಸರುಗಳು ಹೊರಗಿನ ಯಾವ ಸರ್ವರಿಗೂ ಗೊತ್ತಿಲ್ಲ. (ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಆದೇಶಗಳನ್ನು ಟರ್ಮಿನಲ್ಲಿನಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು.)

ಪಿಂಗ್ ಬಗ್ಗೆ ಒಂದು ಎಚ್ಚರಿಕೆ. ಕೆಲವು ಜಾಲಗಳು ಪಿಂಗ್ ಪ್ಯಾಕೆಟ್ಟುಗಳನ್ನು ಬೇಕೆಂದೇ ತಡೆದಿರುತ್ತವೆ. ಉತ್ತರ ಬಂದರೆ ದಾರಿ ಇದೆ ಎಂಬುದು ಖಚಿತ, ಬಾರದಿದ್ದರೆ ದಾರಿ ಇಲ್ಲ ಎನ್ನಲಾಗದು. ಆದ್ದರಿಂದ ಕೇಳುವುದಾದರೆ ಡಿಎನ್‌ಎಸ್ ಪ್ರಶ್ನೆಯನ್ನೇ ಕೇಳಬೇಕು. ಅದಕ್ಕಿರುವುದು ‘ಡಿಗ್’. ಉಬುಂಟುವಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಡೆಬಿಯನ್ನಿನಲ್ಲಿ ಹಾಕಿಕೊಳ್ಳಬೇಕಾಗಬಹುದು, ನೆಟ್ ಚೆನ್ನಾಗಿರುವಾಗಲೇ ಹಾಕಿಟ್ಟುಕೊಳ್ಳಿ. ಡಿಗ್‌ನ ನಿಜವಾದ ಬಲವಿರುವುದು ‘ಇಂಥವರನ್ನೇ ಕೇಳು’ ಎಂದು ಹೇಳಬಹುದಾದದ್ದರಲ್ಲಿ. ಬರೀ ಹೆಸರು ಕೊಟ್ಟರೆ ಕಂಪ್ಯೂಟರಿನ ರೂಢಿಯ ದಾರಿಯಲ್ಲಿ ಕೇಳುತ್ತದೆ. ‘ಅಟ್’ ಚಿಹ್ನೆ ಹಾಕಿ 192.168.1.1 ಎಂದರೆ ನೇರ ರೂಟರನ್ನು ಕೇಳುತ್ತದೆ, 1.1.1.1 ಎಂದರೆ ರೂಟರಿನ ಡಿಎನ್‌ಎಸ್ಸನ್ನು ಬದಿಗಿಟ್ಟು ಹೊರಗಿನ ಸಾರ್ವಜನಿಕ ಸರ್ವರನ್ನು. ಮೂರನ್ನೂ ಒಂದಾದ ಮೇಲೊಂದು ಕೇಳಿ. ಮೂರರಲ್ಲಿ ಮೊದಲನೆಯದು ಮಾತ್ರ ಸೋತರೆ ತೊಂದರೆ ನಿಮ್ಮ ಕಂಪ್ಯೂಟರಿನೊಳಗೇ ಇದೆ. ಮೊದಲೆರಡೂ ಸೋತು ಮೂರನೆಯದು ಗೆದ್ದರೆ ರೂಟರಿನ ಅಥವಾ ಕಂಪನಿಯ ಸರ್ವರಿನ ಕಡೆ ಬೆರಳು. ಮೂರೂ ಸೋತರೆ ಆ ಹೆಸರಿನಲ್ಲೇ ತೊಂದರೆ ಇರಬಹುದು, ಬೇರೊಂದು ಹೆಸರು ಕೊಟ್ಟು ನೋಡಿ. ಡಿಗ್ ಕಕ್ಕುವ ಉದ್ದನೆಯ ಪಠ್ಯವನ್ನು ಕಂಡು ಹೆದರಬೇಕಿಲ್ಲ. ಮೇಲ್ಗಡೆ ‘ಸ್ಟೇಟಸ್’ ಎಂಬ ಒಂದು ಪದ, ಕೆಳಗಡೆ ‘ಸರ್ವರ್’ ಎಂಬ ಸಾಲು, ಅದರ ಪಕ್ಕ ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂಬ ಲೆಕ್ಕ, ಇಷ್ಟು ಸಾಕು. ಯಾರು ಉತ್ತರ ಕೊಟ್ಟರು ಎಂಬುದು ಆ ‘ಸರ್ವರ್’ ಸಾಲಿನಲ್ಲಿದೆ. ತಾವು ಕೇಳುತ್ತಿರುವುದು ರೂಟರನ್ನು ಎಂದುಕೊಂಡಿರುವ ಎಷ್ಟೋ ಜನ ಬೇರಾರನ್ನೋ ಕೇಳುತ್ತಿರುತ್ತಾರೆ. ಸಿಸ್ಟಮ್‌ಡಿ ಇರುವ ಕಡೆ ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಎಂದರೆ ವೈಫೈಗೆ ಯಾವ ಸರ್ವರ್, ವಿಪಿಎನ್‌ಗೆ ಯಾವುದು ಎಂದು ಬಿಡಿಬಿಡಿಯಾಗಿ ತೋರಿಸುತ್ತದೆ.

ಡಿಗ್ ಗೆದ್ದರೂ ಪುಟ ತೆರೆಯದಿರುವುದುಂಟು. ಇಲ್ಲಿ ಹೊಸಬರು ಮಾತ್ರವಲ್ಲ, ಪಳಗಿದವರೂ ದಾರಿ ತಪ್ಪುತ್ತಾರೆ. ಡಿಗ್ ನೇರವಾಗಿ ಡಿಎನ್‌ಎಸ್ ಸರ್ವರಿನ ಬಾಗಿಲಿಗೆ ಹೋಗುತ್ತದೆ, ‘ಹೋಸ್ಟ್ಸ್’ ಕಡತವನ್ನಾಗಲಿ ‘ಎನ್‌ಎಸ್‌ಸ್ವಿಚ್’ ಕ್ರಮವನ್ನಾಗಲಿ ನೋಡುವುದಿಲ್ಲ. ಪಿಂಗ್‌ನಂಥ ಸಾಮಾನ್ಯ ತಂತ್ರಾಂಶಗಳು ಗ್ಲಿಬ್‌ಸಿಯ ಮೂಲಕ ಆ ಕ್ರಮ ಹಿಡಿದೇ ಹೋಗುತ್ತವೆ. ಆ ದಾರಿಯಲ್ಲಿ ಏನು ಸಿಗುತ್ತದೆ ಎಂದು ತೋರಿಸುವ ಆದೇಶ ‘ಗೆಟ್‌ಎಂಟ್ ಹೋಸ್ಟ್ಸ್’. ಡಿಗ್ ಒಂದು ವಿಳಾಸ, ಗೆಟ್‌ಎಂಟ್ ಇನ್ನೊಂದು ವಿಳಾಸ ಹೇಳಿದರೆ ಮೊದಲು ‘ಹೋಸ್ಟ್ಸ್’ ಕಡತ ತೆರೆಯಿರಿ. ಎಂದೋ ಪರೀಕ್ಷೆಗೆಂದು ಸೇರಿಸಿ ಮರೆತ ಸಾಲು, ಜಾಹೀರಾತು ತಡೆಯಲೆಂದು ಎಲ್ಲಿಂದಲೋ ತಂದು ಸುರಿದ ಸಾವಿರಾರು ಹೆಸರುಗಳು ಅಲ್ಲಿ ಕೂತಿರುತ್ತವೆ. ಅಲ್ಲಿ ಹಳೆಯ ವಿಳಾಸದೊಡನೆ ಉಳಿದ ಜಾಲತಾಣದವರು ಸರ್ವರ್ ಬದಲಿಸಿದ ದಿನ ಜಗತ್ತಿಗೆಲ್ಲ ತೆರೆಯುವ ಪುಟ ನಿಮಗೊಬ್ಬರಿಗೆ ತೆರೆಯುವುದಿಲ್ಲ.

ಅದೇ ಕಡತದ ಇನ್ನೊಂದು ಸಣ್ಣ ಕಾಟ: ಕಂಪ್ಯೂಟರಿನ ಹೆಸರು ಬದಲಿಸಿದ ಮೇಲೆ ಸುಡೊ ಹಾಕಿದಾಗಲೆಲ್ಲ ‘ಅನೇಬಲ್ ಟು ರಿಸಾಲ್ವ್ ಹೋಸ್ಟ್’ ಎಂಬ ದೂರು. ಡೆಬಿಯನ್, ಉಬುಂಟುಗಳು ಕಂಪ್ಯೂಟರಿನ ಸ್ವಂತ ಹೆಸರನ್ನು 127.0.1.1ರ ಎದುರು ಬರೆದಿರುತ್ತವೆ. ‘ಹೋಸ್ಟ್‌ನೇಮ್’ ಕಡತದಲ್ಲಿ ಹೆಸರು ಬದಲಾಗಿ ಇಲ್ಲಿ ಹಳೆಯದೇ ಉಳಿದರೆ ಯಂತ್ರಕ್ಕೆ ತನ್ನ ಹೆಸರೇ ಸಿಗುವುದಿಲ್ಲ. ಎರಡನ್ನೂ ಒಂದೇ ಮಾಡಿದರೆ ಮುಗಿಯಿತು.

‘ಡಾಟ್ ಲೋಕಲ್’ ಎಂದು ಮುಗಿಯುವ ಹೆಸರುಗಳದ್ದು ಬೇರೆಯೇ ವ್ಯವಹಾರ. ಆ ಹೆಸರುಗಳು ಸರ್ವರಿಗೆ ಹೋಗಬಾರದು, ಮನೆಯ ಜಾಲದಲ್ಲೇ ಕೂಗಿ ಕೇಳಬೇಕು ಎಂಬ ನಿಯಮ 2013ರಿಂದ ಲಿಖಿತವಾಗಿ ಇದೆ. ಪ್ರಿಂಟರ್ ತಾನಾಗಿ ಕಾಣಿಸಿಕೊಳ್ಳುವುದು ಹೀಗೆ. ಲಿನಕ್ಸಿನಲ್ಲಿ ಆ ಕೆಲಸ ಸಾಮಾನ್ಯವಾಗಿ ಅವಾಹಿ ಎಂಬ ಸೇವೆಯದು. ಮನೆಯ ಸ್ಟೋರೇಜ್ ಪೆಟ್ಟಿಗೆಗೆ ರೂಟರಿನ ಡಿಎನ್‌ಎಸ್‌ನಲ್ಲಿ ‘ಡಾಟ್ ಲೋಕಲ್’ ಹೆಸರು ಕೊಟ್ಟವರಿಗೆ ಡಿಗ್‌ನಲ್ಲಿ ವಿಳಾಸ ಸಿಕ್ಕಿ ಪಿಂಗ್‌ನಲ್ಲಿ ಸಿಗದಿರುವುದು ಇದೇ ಕಾರಣಕ್ಕೆ: ‘ಎನ್‌ಎಸ್‌ಸ್ವಿಚ್’ ಸಾಲಿನಲ್ಲಿ ‘ಕೂಗಿ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸು’ ಎಂದು ಬರೆದಿದೆ. ಮನೆಯೊಳಗಿನ ಯಂತ್ರಗಳಿಗೆಂದೇ ‘ಹೋಮ್ ಡಾಟ್ ಅರ್ಪಾ’ ಎಂಬ ಕೊನೆಯನ್ನು 2018ರಲ್ಲಿ ಮೀಸಲಿಟ್ಟಿದ್ದಾರೆ, ಅದನ್ನು ಬಳಸುವುದು ಲೇಸು.

ಪೂರ್ತಿ ನಿಂತ ನೆಟ್ಟಿಗಿಂತ ಹೆಚ್ಚು ಜನರನ್ನು ಕಾಡುವುದು ತಡವಾಗುವ ನೆಟ್ಟು. ಪುಟ ತೆರೆಯುವ ಮುಂಚೆ ಐದು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ದಡದಡನೆ ಬರುತ್ತದೆ. ಸ್ಪೀಡ್ ಪರೀಕ್ಷೆ ಮಾಡಿದರೆ ಪೂರ್ತಿ ವೇಗ. ಜನ ದೊಡ್ಡ ಪ್ಲಾನಿಗೆ ದುಡ್ಡು ಕಟ್ಟುತ್ತಾರೆ, ತಡ ಹಾಗೇ ಉಳಿಯುತ್ತದೆ. ಆ ಐದು ಎಂಬ ಅಂಕಿ ಆಕಸ್ಮಿಕವಲ್ಲ. ಒಂದು ಸರ್ವರಿನಿಂದ ಉತ್ತರ ಬಾರದಿದ್ದರೆ ಗ್ಲಿಬ್‌ಸಿ ಕಾಯುವ ರೂಢಿಯ ಅವಧಿಯೇ 5 ಸೆಕೆಂಡ್. ‘ರಿಸಾಲ್ವ್ ಡಾಟ್ ಕಾನ್ಫ್’ನಲ್ಲಿ ಅದು ಒಪ್ಪುವುದು ಮೂರು ಸರ್ವರುಗಳನ್ನು ಮಾತ್ರ, ನಾಲ್ಕನೆಯದನ್ನು ನೋಡುವುದೇ ಇಲ್ಲ. ಮೊದಲ ಸಾಲಿನ ಸರ್ವರ್ ಸತ್ತಿದ್ದರೆ ಪ್ರತಿ ಹೊಸ ಹೆಸರಿಗೂ ಐದೈದು ಸೆಕೆಂಡ್ ಕಾದು ಎರಡನೆಯದರ ಬಳಿ ಹೋಗುತ್ತದೆ. ಎರಡನೆಯ ಸಾಲಿನ ಬಗ್ಗೆ ಇನ್ನೊಂದು ತಪ್ಪು ನಂಬಿಕೆಯೂ ಇದೆ. ಮೊದಲನೆಯದು ‘ಅಂಥ ಹೆಸರಿಲ್ಲ’ ಎಂದರೆ ಎರಡನೆಯದನ್ನು ಕೇಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಕೇಳುವುದಿಲ್ಲ. ‘ಇಲ್ಲ’ ಎಂಬುದೂ ಪೂರ್ಣ ಉತ್ತರವೇ. ಆದ್ದರಿಂದ ಆಫೀಸಿನ ಸರ್ವರ್ ಒಂದು, ಹೊರಗಿನದು ಇನ್ನೊಂದು ಎಂದು ಎರಡು ಸಾಲು ಬರೆದು ಎರಡೂ ಲೋಕ ಸಿಗಲಿ ಎಂದು ಕಾದರೆ ಸಿಗುವುದಿಲ್ಲ. ಹೆಸರಿನ ಕೊನೆ ನೋಡಿ ಯಾರನ್ನು ಕೇಳಬೇಕೆಂದು ಆರಿಸುವ ಕೆಲಸ ಸಿಸ್ಟಮ್‌ಡಿ ರಿಸಾಲ್ವ್ಡ್‌ನಂಥ ಸೇವೆಯದು, ಅದಕ್ಕೇ ಅದನ್ನು ಕಿತ್ತು ಹಾಕಬೇಡಿ ಎನ್ನುವುದು.

ಎಲ್ಲ ಸರ್ವರುಗಳೂ ಜೀವಂತ ಇದ್ದು ತಡವಾದರೆ ಐಪಿವಿ6 ಕಡೆ ನೋಡಬೇಕು. ಒಂದೊಂದು ಹೆಸರಿಗೂ ಎರಡು ಪ್ರಶ್ನೆ ಒಟ್ಟಿಗೆ ಹೊರಡುತ್ತವೆ, ಹಳೆಯ ಬಗೆಯ ವಿಳಾಸಕ್ಕೊಂದು, ಐಪಿವಿ6 ವಿಳಾಸಕ್ಕೊಂದು. ಕೆಲವು ಹಳೆಯ ರೂಟರುಗಳಿಗೆ ಜೋಡಿ ಪ್ರಶ್ನೆ ನಿಭಾಯಿಸಲಾಗದು. ಒಂದಕ್ಕೆ ಉತ್ತರಿಸಿ ಇನ್ನೊಂದನ್ನು ಬಿಟ್ಟುಬಿಡುತ್ತವೆ. ಡಿಗ್‌ನಲ್ಲಿ ಹೆಸರಿನ ಜೊತೆ ‘ಎ’ ಒಮ್ಮೆ, ನಾಲ್ಕು ‘ಎ’ ಒಮ್ಮೆ ಹಾಕಿ ಬೇರೆ ಬೇರೆಯಾಗಿ ಕೇಳಿ. ಎರಡನೆಯದು ಮಾತ್ರ ತಡಕಾಡಿದರೆ ತಪ್ಪು ರೂಟರಿನದು. ಬೇರೆ ಬೇರೆ ಕೇಳಿದಾಗ ಎರಡೂ ಸಲೀಸಾಗಿ ಬಂದು, ಪಿಂಗ್‌ಗೆ ಮಾತ್ರ ಐದು ಸೆಕೆಂಡ್ ಹಿಡಿದರೆ ಜೋಡಿಯೇ ರೂಟರಿಗೆ ಭಾರವಾಗಿದೆ. ಗ್ಲಿಬ್‌ಸಿ ನೇರವಾಗಿ ರೂಟರನ್ನೇ ಕೇಳುವ ಕಂಪ್ಯೂಟರಿನಲ್ಲಿ ‘ಆಪ್ಷನ್ಸ್ ಸಿಂಗಲ್ ರಿಕ್ವೆಸ್ಟ್’ ಎಂಬ ಸಾಲು, ಒಂದಾದ ಮೇಲೊಂದು ಕೇಳುವಂತೆ ಮಾಡಿ ಪಾರುಮಾಡುತ್ತದೆ. ರೂಟರಿನ ಫರ್ಮ್‌ವೇರ್ ಹೊಸದು ಮಾಡುವುದು ಅದಕ್ಕಿಂತ ಒಳ್ಳೆಯದು.

ಕಂಪ್ಯೂಟರಿನ ಗಡಿಯಾರ ತಪ್ಪಿದರೂ ಹೆಸರು ಸಿಗದಿರುವುದುಂಟು. ಗಡಿಯಾರಕ್ಕೂ ಹೆಸರಿಗೂ ಏನು ಸಂಬಂಧ ಎನ್ನಿಸಬಹುದು. ಹಳೆಯ ಡೆಸ್ಕ್‌ಟಾಪುಗಳ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಹೆಚ್ಚಾಗಿ ಸಿಆರ್2032. ಅದು ಸತ್ತರೆ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರಿನ ದಿನಾಂಕ ವರ್ಷಗಳಷ್ಟು ಹಿಂದೆ ಜಾರುತ್ತದೆ. ರಾಸ್‌ಬೆರಿ ಪೈಯಲ್ಲಿ ನಾಲ್ಕನೆಯ ಮಾದರಿಯವರೆಗೆ ಬ್ಯಾಟರಿಯಿಂದ ನಡೆಯುವ ಇಂಥ ಗಡಿಯಾರವೇ ಇಲ್ಲ. ಡಿಎನ್‌ಎಸ್ ಉತ್ತರಗಳನ್ನು ಸಹಿ ನೋಡಿ ಒಪ್ಪುವ ಡಿಎನ್‌ಎಸ್‌ಸೆಕ್ ವ್ಯವಸ್ಥೆಯಲ್ಲಿ ಪ್ರತಿ ಸಹಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಮನೆಯಲ್ಲೇ ಅನ್‌ಬೌಂಡ್‌ನಂಥ ಸರ್ವರ್ ನಡೆಸುವವರ ಗಡಿಯಾರ ತಪ್ಪಿದ್ದರೆ ಎಲ್ಲ ಸಹಿಗಳೂ ಅವಧಿಯಿಂದ ಹೊರಗೆ ಬೀಳುತ್ತವೆ, ಸಹಿ ಇರುವ ಹೆಸರಿಗೆಲ್ಲ ಸರ್ವ್‌ಫೇಲ್. ಗಡಿಯಾರ ಸರಿಮಾಡಿಕೊಳ್ಳಲು ಕಂಪ್ಯೂಟರ್ ಸಮಯದ ಸರ್ವರನ್ನು ಹುಡುಕುತ್ತದೆ; ಅದರ ವಿಳಾಸ ಸಿಗಬೇಕಾದರೆ ಡಿಎನ್‌ಎಸ್ ಬೇಕು, ಡಿಎನ್‌ಎಸ್ ಸರಿಯಾಗಬೇಕಾದರೆ ಗಡಿಯಾರ ಸರಿಯಿರಬೇಕು. ಈ ಗಂಟನ್ನು ಕೈಯಿಂದಲೇ ಬಿಚ್ಚಬೇಕು, ದಿನಾಂಕವನ್ನು ನೀವೇ ತಿದ್ದಿ. ಇದೇ ತೊಂದರೆ ಹೌದೋ ಅಲ್ಲವೋ ತಿಳಿಯಲು ಡಿಗ್‌ಗೆ ‘ಪ್ಲಸ್ ಸಿಡಿ’ ಸೇರಿಸಿ ಕೇಳಿ, ಅಂದರೆ ಸಹಿ ಪರೀಕ್ಷೆ ಬೇಡವೆಂದು. ಆಗ ಮಾತ್ರ ಉತ್ತರ ಬಂದರೆ ಸಹಿಯಲ್ಲೇ ತಕರಾರು.

ಕನ್ನಡ ಲಿಪಿಯ ‘ಡಾಟ್ ಭಾರತ’ ಹೆಸರುಗಳನ್ನು ಬಳಸುವವರಿಗೆ ಒಂದು ಮಾತು. ಡಿಎನ್‌ಎಸ್ ಒಳಗೆ ಆ ಹೆಸರು ಕನ್ನಡದಲ್ಲಿ ಓಡಾಡುವುದಿಲ್ಲ. ಪ್ಯೂನಿಕೋಡ್ ಎಂಬ ವಿಧಾನದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲಾಗಿ ಬದಲಾಗುತ್ತದೆ. ಬ್ರೌಸರ್ ಈ ಬದಲಾವಣೆಯನ್ನು ತಾನೇ ಮಾಡಿಕೊಳ್ಳುತ್ತದೆ, ಟರ್ಮಿನಲ್ಲಿನ ಎಲ್ಲ ತಂತ್ರಾಂಶಗಳೂ ಮಾಡುವುದಿಲ್ಲ. ಬ್ರೌಸರಿನಲ್ಲಿ ತೆರೆಯುವ ಕನ್ನಡ ಹೆಸರು ಟರ್ಮಿನಲ್ಲಿನಲ್ಲಿ ‘ಇಲ್ಲ’ ಎಂದು ಬಂದರೆ ಆ ಹೆಸರನ್ನೂ ಸರ್ವರನ್ನೂ ದೂರಬೇಡಿ.

ಬ್ರೌಸರಿನ ನಡತೆ ಬೇರೆ ಎಂಬುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಡಿಎನ್‌ಎಸ್ ಪ್ರಶ್ನೆಗಳನ್ನು ಗೂಢಲಿಪಿಯಲ್ಲಿ ಕಳಿಸುವ ವಿಧಾನ 2018ರಲ್ಲಿ ಪ್ರಮಾಣಿತವಾದ ಮೇಲೆ ಬ್ರೌಸರುಗಳು ಸಿಸ್ಟಮ್ಮನ್ನು ಕೇಳದೆ ತಾವೇ ಹೊರಗಿನ ಸರ್ವರಿನ ಜೊತೆ ಮಾತಾಡುವುದೂ ಸಾಧ್ಯವಾಯಿತು. ಹಾಗಾಗಿ ಬ್ರೌಸರಿನಲ್ಲಿ ಎಲ್ಲ ತೆರೆದು ಟರ್ಮಿನಲ್ಲಿನಲ್ಲಿ ಏನೂ ಸಿಗದಿರಬಹುದು. ಬ್ರೌಸರಿಗೆ ತನ್ನದೇ ನೆನಪೂ ಇದೆ. ಸರಿಪಡಿಸಿದ ಮೇಲೂ ‘ಇಲ್ಲ’ ಎನ್ನುತ್ತಿದ್ದರೆ ‘ರಿಸಾಲ್ವ್‌ಸಿಟಿಎಲ್ ಫ್ಲಶ್ ಕ್ಯಾಶಸ್’ ಕೊಟ್ಟು, ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ‘ಇಲ್ಲ’ ಎಂಬ ಉತ್ತರವನ್ನೂ ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವುದು ಡಿಎನ್‌ಎಸ್‌ನ ನಿಯಮ.

ಕಂಪ್ಯೂಟರಿನದೂ ಅಲ್ಲ, ರೂಟರಿನದೂ ಅಲ್ಲ ಎಂದಾದರೆ? 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ಮೇಲೆ ನಮ್ಮಲ್ಲಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಟ್ಟಿಗೆ ನಿಂತದ್ದು ನೆನಪಿರಬಹುದು. ಫೇಸ್‌ಬುಕ್ಕಿನ ಒಳಜಾಲದ ನಿರ್ವಹಣೆಯಲ್ಲಿ ಕೊಟ್ಟ ಒಂದು ಆದೇಶ ಎಡವಟ್ಟಾಗಿ, ಅದರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಗಳೇ ಇಂಟರ್ನೆಟ್ಟಿನಿಂದ ಅಳಿಸಿಹೋಗಿದ್ದವು. ಸುಮಾರು ಆರು ಗಂಟೆ ಕಾಲ ಜಗತ್ತಿನ ಯಾವ ಸರ್ವರಿಗೂ ಆ ಹೆಸರುಗಳ ವಿಳಾಸ ಸಿಗಲಿಲ್ಲ, ಬಂದದ್ದು ಸರ್ವ್‌ಫೇಲ್. ಆ ಹೊತ್ತಿನಲ್ಲಿ ಡಿಗ್‌ನಲ್ಲಿ ಬೇರೊಂದು ಹೆಸರು ಕೇಳಿ ನೋಡಿದವರಿಗೆ ತಮ್ಮ ಮನೆಯಲ್ಲಿ ಮುಟ್ಟಬೇಕಾದದ್ದು ಏನೂ ಇಲ್ಲವೆಂದು ತಕ್ಷಣ ಗೊತ್ತಾಗುತ್ತಿತ್ತು. ಇನ್ನು, ಸರ್ಕಾರ ಅಥವಾ ನ್ಯಾಯಾಲಯ ತಡೆಹಿಡಿಯಲು ಹೇಳಿದ ಜಾಲತಾಣಗಳ ಹೆಸರಿಗೆ ಕೆಲವು ಕಂಪನಿಗಳ ಡಿಎನ್‌ಎಸ್ ಬೇಕೆಂದೇ ಬೇರೆ ಉತ್ತರ ಕೊಡುತ್ತದೆ. ಅದೂ ನಿಮ್ಮ ಯಂತ್ರದ ದೋಷವಲ್ಲ.

ನಡುವೆ ಯಾರೋ ನಿಮ್ಮ ಪ್ರಶ್ನೆಗೆ ತಾವೇ ಉತ್ತರಿಸುತ್ತಿದ್ದಾರೆಯೇ ಎಂದು ತಿಳಿಯಲು ನಾನು ಮೆಚ್ಚಿಕೊಂಡಿರುವ ಒಂದು ಪರೀಕ್ಷೆಯಿದೆ. 192.0.2.1 ಎಂಬ ವಿಳಾಸವನ್ನು ಪುಸ್ತಕಗಳಲ್ಲಿ ಉದಾಹರಣೆ ಕೊಡಲೆಂದೇ ಮೀಸಲಿಟ್ಟಿದ್ದಾರೆ, ಅಲ್ಲಿ ಯಾವ ಸರ್ವರೂ ಇರಬಾರದು. ಡಿಗ್‌ಗೆ ಅದನ್ನೇ ಕೇಳಲು ಹೇಳಿ. ಸ್ವಲ್ಪ ಕಾದು ಟೈಮ್‌ಔಟ್ ಆಗಬೇಕು. ಉತ್ತರ ಬಂದರೆ ರೂಟರೋ ಕಂಪನಿಯೋ 53ನೆಯ ಪೋರ್ಟಿಗೆ ಹೊರಟದ್ದನ್ನೆಲ್ಲ ಹಿಡಿದು ತಾನೇ ಉತ್ತರಿಸುತ್ತಿದೆ. ಆಗ ನೀವು 8.8.8.8 ಬರೆದರೂ 1.1.1.1 ಬರೆದರೂ ಮಾತಾಡುವುದು ಅವರ ಜೊತೆಗೇ.

ಸಾರ್ವಜನಿಕ ಸರ್ವರ್ ಬಳಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೂಗಲ್‌ನ 8.8.8.8 ಬಂದದ್ದು 2009ರಲ್ಲಿ, ಕ್ವಾಡ್9ರ 9.9.9.9 2017ರಲ್ಲಿ, ಕ್ಲೌಡ್‌ಫ್ಲೇರ್‌ನ 1.1.1.1 2018ರಲ್ಲಿ, ಮೂರೂ ಚೆನ್ನಾಗಿ ನಡೆಯುತ್ತಿವೆ. ಮನೆಯವರೆಲ್ಲ ಹೋಗುವ ತಾಣಗಳ ಹೆಸರನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ ಎಂದು ಯೋಚಿಸಿ ಆರಿಸಬೇಕು, ಅಷ್ಟೆ. ಆರಿಸಿದ ಮೇಲೆ ಬರೆಯಬೇಕಾದ ಜಾಗ ‘ರಿಸಾಲ್ವ್ ಡಾಟ್ ಕಾನ್ಫ್’ ಅಲ್ಲ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಆ ವೈಫೈಯ ಐಪಿವಿ4 ಪುಟಕ್ಕೆ ಹೋಗಿ ಡಿಎನ್‌ಎಸ್ ಎದುರಿನ ‘ಆಟೊಮ್ಯಾಟಿಕ್’ ಆಫ್ ಮಾಡಿ ವಿಳಾಸ ಬರೆಯಿರಿ. ಐಪಿವಿ6 ಪುಟದಲ್ಲೂ ಹಾಗೇ ಮಾಡಿ, ಇಲ್ಲದಿದ್ದರೆ ರೂಟರ್ ಆ ದಾರಿಯಿಂದ ತನ್ನದನ್ನು ತುಂಬಿಸುತ್ತಲೇ ಇರುತ್ತದೆ. ಇಡೀ ಮನೆಗೆ ಬೇಕಿದ್ದರೆ ರೂಟರಿನಲ್ಲೇ ಒಮ್ಮೆ ಬರೆದರೆ ಸಾಕು.

ಇಷ್ಟೆಲ್ಲ ನೋಡಿದ ಮೇಲೆ ತಪ್ಪು ಕಂಪನಿಯದೇ ಎಂದು ತಿಳಿದರೆ ಗ್ರಾಹಕ ಸೇವೆಗೆ ಫೋನ್ ಮಾಡಿ. ‘ನೆಟ್ ಇಲ್ಲ’ ಎಂದರೆ ಅವರು ರೂಟರ್ ಆಫ್ ಮಾಡಿ ಆನ್ ಮಾಡಲು ಹೇಳುತ್ತಾರೆ, ಆ ಮಾತಿಗೆ ಅವರ ಬಳಿ ಇರುವ ಉತ್ತರ ಅದೊಂದೇ. ಅದರ ಬದಲು ಹೀಗೆ ಹೇಳಿ: ‘ಮೇಡಂ, ಲಿಂಕ್ ಸರಿ ಇದೆ, 8.8.8.8ಕ್ಕೆ ಪಿಂಗ್ ಹೋಗ್ತಿದೆ. ನಿಮ್ಮ ಡಿಎನ್‌ಎಸ್ ಸರ್ವರ್ ಎಲ್ಲ ಹೆಸರಿಗೂ ಸರ್ವ್‌ಫೇಲ್ ಕೊಡ್ತಿದೆ. ಅದೇ ಹೆಸರು 1.1.1.1ರಲ್ಲಿ ಸಿಗ್ತಿದೆ. ಸರ್ವರಿನ ವಿಳಾಸ, ಟೈಮು ಬರೆದಿಟ್ಟುಕೊಂಡಿದ್ದೀನಿ, ಕಂಪ್ಲೇಂಟಿಗೆ ಸೇರಿಸಿಕೊಳ್ಳಿ.’ ಆ ದೂರು ಲೈನ್‌ಮನ್ ಬಳಿ ಹೋಗುವುದಿಲ್ಲ, ಸರ್ವರ್ ನೋಡಿಕೊಳ್ಳುವವರ ಬಳಿಯೇ ಹೋಗಬೇಕಾಗುತ್ತದೆ.